ಹದಿನೆಂಟು ಇಂಚು ನೀರು

೩ ಫೆಬ್ರವರಿ

ಅಮ್ಮಾ,

ಎರಡು ವರ್ಷದ ಮೇಲೆ ಕಾಗದ ಬಂತು ಅಂತ ಗಾಬರಿಯಾಗಬೇಡ. ಕುಶಲ ವಿಚಾರಿಸಲು ಬರೆದದ್ದಲ್ಲ, ಕೆಲಸದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನಿನಗೆ ಕಿವಿ ಕೇಳುವುದಿಲ್ಲ, ಕೇಳಿದರೂ ಕೇಳಿಸದ ಹಾಗೆ ಇದ್ದುಬಿಡುತ್ತೀಯ. ಕಾಗದವಾದರೆ ಓದದೆ ಗತಿಯಿಲ್ಲ.

ನಮ್ಮ ಟೆಲಿವಿಷನ್ ಕೇಂದ್ರದವರಿಗೆ ಇದ್ದಕ್ಕಿದ್ದ ಹಾಗೆ ಹಳೆಯದರ ಮೇಲೆ ಪ್ರೀತಿ ಉಕ್ಕಿದೆ. ನೆಲಮಾಳಿಗೆಯಲ್ಲಿ ತುಕ್ಕು ಹಿಡಿದು ಕೂತಿದ್ದ ಡಬ್ಬಿಗಳನ್ನೆಲ್ಲ ಮೇಲೆ ತಂದು, ರೀಲು ಒರೆಸಿ, ಹರಿದಲ್ಲಿ ಅಂಟಿಸಿ ಮತ್ತೆ ತೋರಿಸುತ್ತಾರಂತೆ. ಒರೆಸುವವಳು ನಾನು. ಮೊದಲು ಕೈಗೆ ಬಂದದ್ದು ಆ ಹಡಗಿನ ಸಿನಿಮಾ. ಯಾವ ಹಡಗು ಅಂತ ಹೇಳಬೇಕಾಗಿಲ್ಲ. ಮುಳುಗಿದ ಹಡಗು ಅಂದರೆ ಜಗತ್ತಿಗೆಲ್ಲ ನೆನಪಾಗುವುದು ಅದೊಂದೇ. ಮೂವತ್ತನಾಲ್ಕು ವರ್ಷದ ಹಿಂದೆ ನೀನು ಇದೇ ಕೇಂದ್ರದ ಹೊಲಿಗೆ ಕೋಣೆಯಲ್ಲಿ ಇದ್ದವಳಲ್ಲವೇ?

ಎರಡು ಗಂಟೆ ಹತ್ತು ನಿಮಿಷ ನೋಡಿದೆ. ಊಟದ ಕೋಣೆಯ ಗಡಿಯಾರ ಶುರುವಿನಿಂದ ಕೊನೆಯವರೆಗೂ ನಾಲ್ಕೂ ಹತ್ತು. ಕ್ಯಾಪ್ಟನ್ ಗೋಡೆಗೆ ಒರಗಿದರೆ ಗೋಡೆ ಹಿಂದಕ್ಕೆ ಸರಿಯುತ್ತದೆ. ಆ ಹೀರೋಯಿನ್ ಮಗುವನ್ನು ದೋಣಿಗೆ ಹತ್ತಿಸಿದ ಮೇಲೆ ಎಲ್ಲಿಂದಲೋ ಒಂದು ಕಂಬಳಿ ತಂದು ಕುತ್ತಿಗೆವರೆಗೆ ಹೊದ್ದುಕೊಳ್ಳುತ್ತಾಳೆ. ಗಂಡನನ್ನು ಅಪ್ಪುವಾಗಲೂ ಕಂಬಳಿ, ಮುಳುಗುವಾಗಲೂ ಕಂಬಳಿ. ಹಡಗಿಗಿಂತ ಮುಂಚೆ ನಾನೇ ಮುಳುಗಿಹೋದರೆ ಸಾಕು ಅನಿಸಿತು.

ಕೊನೆಯಲ್ಲಿ ಹೆಸರುಗಳ ಪಟ್ಟಿ ಬರುತ್ತದೆ. ಚಹಾ ತಂದುಕೊಟ್ಟವನ ಹೆಸರೂ ಇದೆ, ನಿನ್ನದಿಲ್ಲ. ಬಟ್ಟೆ ಹೊಲಿದವರು ಯಾರು ಅಂತ ಬರೆದು ಕಳಿಸು. ನಮ್ಮ ಫಾರಂನಲ್ಲಿ ಆ ಜಾಗ ಖಾಲಿ ಇದೆ.

ಕೆಲಸದ ಮಟ್ಟಿಗೆ ನಿನ್ನವಳು,
ಮಗಳು

೧೧ ಫೆಬ್ರವರಿ

ಚೋಟು,

ಮೂವತ್ತೆಂಟು ವರ್ಷದ ಹೆಂಗಸನ್ನು ಚೋಟು ಅನ್ನಬೇಡ ಅಂತ ನೀನು ಹೋದ ಸಲ ಹೇಳಿದ್ದೆ. ನನಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ, ಏನು ಮಾಡಲಿ.

ಆ ದರಿದ್ರ ಸಿನಿಮಾವನ್ನು ಮತ್ತೆ ತೋರಿಸುತ್ತಾರಾ? ಇವರಿಗೆ ಮಾಡಲು ಬೇರೆ ಕೆಲಸವಿಲ್ಲವಾ? ಮುಳುಗಿದ್ದು ಮುಳುಗಿತು, ಬಿಡಬಾರದಾ. ಹಿಮದ ಬೆಟ್ಟ ಅಂತ ತೋರಿಸಿದ್ದು ಥರ್ಮಾಕೋಲು. ಕೆಳಗಿನ ಅಂಚಿನಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಅಕ್ಷರ ಕಾಣುತ್ತಿತ್ತು, ನಾನು ಹತ್ತಿ ಅಂಟಿಸಿ ಮುಚ್ಚಿದೆ. ಸಮುದ್ರ ಅಂದರೆ ಸ್ಟುಡಿಯೋ ಹಿಂದೆ ಕಟ್ಟಿದ ತೊಟ್ಟಿ. ನೀರು ಎಷ್ಟು ಗೊತ್ತಾ? ಹದಿನೆಂಟು ಇಂಚು. ಗೌನಿನ ಅಂಚು ಎಷ್ಟು ಎತ್ತಿ ಹೊಲಿಯಬೇಕು ಅಂತ ನಾನೇ ಟೇಪು ಹಿಡಿದು ಅಳೆದಿದ್ದೆ. ಆ ಹದಿನೆಂಟು ಇಂಚಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ಮಹಾಸಾಗರ ಅಂದರು. ಸಾವಿರದೈನೂರು ಜನ ಸತ್ತದ್ದು ಅದರಲ್ಲಿ, ಪಾಪ, ಮೊಣಕಾಲೂ ನೆನೆಯದೆ.

ಡೈರೆಕ್ಟರ್ ಒಬ್ಬ ಇದ್ದ. ಕುತ್ತಿಗೆಗೆ ಮಫ್ಲರ್, ಬಾಯಲ್ಲಿ ಯಾವಾಗಲೂ 'ನಿಜ ಬೇಕು, ನಿಜ ಬೇಕು'. ಥರ್ಮಾಕೋಲಿನ ಮುಂದೆ ನಿಂತು ನಿಜ ಬೇಕಂತೆ. ಹೀರೋಯಿನ್ನಿಗೆ ನೀರು ಕಂಡರೆ ಭಯ. ಮುಳುಗುವ ಹಡಗಿನ ಸಿನಿಮಾಕ್ಕೆ ಹುಡುಕಿ ಹುಡುಕಿ ಅವಳನ್ನೇ ತಂದಿದ್ದರು. ಕಂಬಳಿ ಯಾಕೆ ಹೊದ್ದಳೋ ನನಗೇನು ಗೊತ್ತು. ಚಳಿಯಾಗಿರಬೇಕು.

ಹೊಲಿದವಳು ನಾನೇ. ನಲವತ್ತೊಂದು ಕೋಟು, ಹದಿನಾರು ಗೌನು. ಸಿನಿಮಾ ಮುಗಿಯುವ ಹೊತ್ತಿಗೆ ನನಗೆ ಬೇಸರ ಬಂದಿತ್ತು, ಕೆಲಸ ಬಿಟ್ಟೆ. ಅದಕ್ಕೇ ಹೆಸರಿಲ್ಲ. ನಿಮ್ಮ ಫಾರಂನಲ್ಲಿ ಆ ಜಾಗ ಖಾಲಿಯೇ ಇರಲಿ, ನನಗೇನೂ ನಷ್ಟವಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಕೆಲಸಕ್ಕೂ ಬಾರದ,
ಅಮ್ಮ

೨೦ ಫೆಬ್ರವರಿ

ಅಮ್ಮಾ,

ಇನ್ನೊಂದು ಸಲ ನೋಡಿದೆ. ಈ ಸಲ ಒಂದೊಂದೇ ಚಿತ್ರ ನಿಲ್ಲಿಸಿ, ಭೂತಗನ್ನಡಿ ಹಿಡಿದು.

ಮಗುವನ್ನು ದೋಣಿಗೆ ಹತ್ತಿಸುವ ದೃಶ್ಯ ಇದೆಯಲ್ಲ, ಎಲ್ಲರೂ ಹೊಗಳುವುದು ಅದೊಂದನ್ನೇ. ಹೀರೋಯಿನ್ ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಎತ್ತಿಕೊಂಡ ಮಗುವನ್ನು ದೋಣಿಯವನ ಕೈಗೆ ಕೊಡುತ್ತಾಳೆ. ಅವಳ ಬೆನ್ನಲ್ಲಿ ಗೌನು ಸಾಲದೆ ಐದು ಸೇಫ್ಟಿ ಪಿನ್ನು ಚುಚ್ಚಿದೆ. ಕಡ್ಡಿಯಂಥ ಹೀರೋಯಿನ್ನಿನ ಬೆನ್ನು ಒಂದೇ ಶಾಟಿಗೆ ಅಷ್ಟು ಅಗಲ ಆದದ್ದು ಹೇಗೆ? ಇನ್ನೂ ಇದೆ. ಮಗುವನ್ನು ಬಿಡುವ ಎಡಗೈಯ ನಡುಬೆರಳಿನಲ್ಲಿ ಸೂಜಿ ಚುಚ್ಚದಿರಲಿ ಅಂತ ದರ್ಜಿಗಳು ಹಾಕಿಕೊಳ್ಳುವ ತಗಡಿನ ಟೋಪಿ ಇದೆ. ಮೊದಲ ದರ್ಜೆಯಲ್ಲಿ ಪ್ರಯಾಣ ಮಾಡುವ ಶ್ರೀಮಂತ ಹೆಂಗಸು, ಹಡಗು ಮುಳುಗುವ ಹೊತ್ತಿನಲ್ಲಿ, ಬೆರಳಿಗೆ ಹೊಲಿಗೆ ಟೋಪಿ! ಎಡಗೈಯಲ್ಲಿ ಹೊಲಿಯುವ ದರ್ಜಿ ಆ ಕೇಂದ್ರದಲ್ಲಿ ಎಷ್ಟು ಜನ ಇದ್ದರು?

ಈಗ ಆ ಮಗುವಿನ ವಿಷಯ. ನಾಲ್ಕು ವರ್ಷದ್ದು ಇರಬಹುದು. ತಲೆಗೆ ಲೇಸಿನ ಟೋಪಿ. ಬಾಯಿ ತೆರೆದು ಅಳುವ ಆ ಮುಖವನ್ನು ನಾನು ನನ್ನ ಹಳೆ ಫೋಟೋದಲ್ಲಿ ನೋಡಿದ್ದೇನೆ.

ನಾನು ಚಿಕ್ಕವಳಿದ್ದಾಗಿನಿಂದ ದೊಡ್ಡಮ್ಮನಿಗೆ ಹೇಳುತ್ತಲೇ ಇದ್ದೆ: ಅಮ್ಮ ನನ್ನನ್ನು ದೋಣಿಯಲ್ಲಿ ಕೂರಿಸಿ 'ನಾನು ಬರಲ್ಲ, ನೀನು ಹೋಗು' ಅಂದಳು, ನೀರು ನೀಲಿ ಇತ್ತು. ಕನಸು ಕಂಡಿದ್ದೀಯ, ಸುಮ್ಮನೆ ಮಲಗು ಅನ್ನುತ್ತಿದ್ದರು ದೊಡ್ಡಮ್ಮ. ನಿನ್ನನ್ನೂ ಕೇಳಿದೆ, ನಾಟಕ ಕಂಪನಿಯ ಜೊತೆ ಊರೂರು ತಿರುಗುವವಳು ವರ್ಷಕ್ಕೆ ಎರಡು ಸಲ ಬರುತ್ತಿದ್ದೆಯಲ್ಲ, ಆಗ. ನೀನೂ ಕನಸು ಅಂದೆ. ಮದುವೆಯಾದ ಮೇಲೂ ಅದೇ ಕನಸು ಬಿದ್ದು ಎದ್ದು ಕೂತಿದ್ದೇನೆ. ನನ್ನ ತಲೆ ಕೆಟ್ಟಿದೆಯಾ ಅಂತ ಡಾಕ್ಟರ್ ಹತ್ತಿರವೂ ಹೋಗಿ ಬಂದೆ.

ಆ ಮಗು ನಾನಾ? ಹೌದು ಅಥವಾ ಅಲ್ಲ. ಒಂದು ಪದ ಸಾಕು.

ಮಗಳು

೨ ಮಾರ್ಚ್

ಚೋಟು,

ಎಡಗಣ್ಣಿನ ಪೊರೆ ತೆಗೆಸಬೇಕು ಅಂದಿದ್ದಾರೆ. ಪಕ್ಕದ ಮನೆಯ ಟೀಚರಮ್ಮನ ಪರದೆಗೆ ಅಂಚು ಹೊಲಿದುಕೊಟ್ಟೆ, ಆಕೆ ಒಂದು ಕಡೆ ಗಿಡ್ಡ ಆಯಿತು ಅಂದಳು. ಸೊಟ್ಟ ಇದ್ದದ್ದು ಅವಳ ಕಿಟಕಿ. ಹೇಳಿದರೆ ಮೂಗು ಮುರಿಯುತ್ತಾಳೆ.

ನೀನು ರೀಲು ನೋಡಿ ನೋಡಿ ಕಣ್ಣು ಕೆಡಿಸಿಕೊಂಡಿದ್ದೀಯ. ಅದು ಹೀರೋಯಿನ್ನಿನ ಉಂಗುರ. ಅಳುವಾಗ ಎಲ್ಲ ಮಕ್ಕಳ ಮುಖವೂ ಒಂದೇ ತರ.

ಅಮ್ಮ

೭ ಮಾರ್ಚ್

ಅಮ್ಮಾ,

ಉಂಗುರವಂತೆ!

ಯಾರ ಕಿವಿಗೆ ಹೂ ಇಡುತ್ತೀಯ? ಆ ಬೆರಳ ಟೋಪಿಯ ತುದಿ ನೆಗ್ಗಿರುವುದೂ ಕಾಣುತ್ತದೆ. ಅದು ನಾನು ಹಲ್ಲು ಮೂಡುವಾಗ ಕಚ್ಚಿದ್ದು ಅಂತ ನೀನೇ ಎಲ್ಲರಿಗೂ ತೋರಿಸುತ್ತಿದ್ದೆ.

ಹಾರಿಕೆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಪರದೆ, ಕಿಟಕಿ, ಕಣ್ಣಿನ ಪೊರೆ! ನನ್ನ ಇಡೀ ಬಾಲ್ಯಕ್ಕೆ ನೀನು ಕೊಟ್ಟದ್ದು ಇಂಥ ಚಿಂದಿ ಉತ್ತರಗಳನ್ನೇ. ಈ ಸಲ ನಡೆದದ್ದು ನಡೆದ ಹಾಗೆ ಬರೆ. ಬರೆಯದಿದ್ದರೆ ಇದೇ ನನ್ನ ಕೊನೆಯ ಕಾಗದ. ಬೆದರಿಕೆ ಅಂದುಕೋ, ಏನಾದರೂ ಅಂದುಕೋ.

೨೫ ಮಾರ್ಚ್

ಚೋಟು,

ಸರಿ ಕೇಳು.

ನಿನ್ನ ಅಪ್ಪ ಹೋಗಿ ಮೂರು ವರ್ಷವಾಗಿತ್ತು. ನಿನ್ನನ್ನು ಬಿಡಲು ಜಾಗವಿಲ್ಲದೆ ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ನೀನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ದಾರದ ಉಂಡೆಗಳ ಜೊತೆ ಕೂತಿರುತ್ತಿದ್ದೆ. ಯಾರಿಗೂ ತೊಂದರೆ ಕೊಟ್ಟವಳಲ್ಲ.

ದೋಣಿಯ ದೃಶ್ಯಕ್ಕೆ ಕ್ಯಾಮರಾದವನು ತನ್ನ ಅಣ್ಣನ ಮಗಳನ್ನು ಕರೆತಂದಿದ್ದ. ಅದು ತೊಟ್ಟಿ ನೋಡಿದ್ದೇ ತಡ ರಂಪ ಮಾಡಿ ಮನೆಗೆ ಹೋಯಿತು. ಹೀರೋಯಿನ್ ತೊಟ್ಟಿಯ ಅಂಚಿಗೆ ಬರಲು ತಯಾರಿಲ್ಲ, ಕಾಲು ಜಾರುತ್ತದಂತೆ. ಮಫ್ಲರಿನವನು ತಲೆ ಕೆರೆದುಕೊಂಡು ಸುತ್ತ ನೋಡಿದ. ಬೆನ್ನಿಗೆ ನಾನು ಸಿಕ್ಕಿದೆ, ಮುಖಕ್ಕೆ ನೀನು ಸಿಕ್ಕಿದೆ. 'ತಾಯಿ ಮಗಳು, ಇದಕ್ಕಿಂತ ನಿಜ ಬೇಕಾ' ಅಂದ. ಹೀರೋಯಿನ್ನಿನ ಗೌನು ನನಗೆ ಹಿಡಿಯಲಿಲ್ಲ, ಪಿನ್ನು ಚುಚ್ಚಿಕೊಂಡೆ. ಬೆರಳ ಟೋಪಿ ತೆಗೆಯಲು ಮರೆತೆ. ಅದು ಇದೆ ಅಂತಲೇ ನನಗೆ ಗೊತ್ತಾಗುವುದಿಲ್ಲ, ಸ್ನಾನದ ಮನೆಗೂ ಹಾಕಿಕೊಂಡೇ ಹೋಗಿದ್ದೇನೆ.

ನೀನು ದೋಣಿಯಲ್ಲಿ ಖುಷಿಯಾಗಿ ಕೂತುಬಿಟ್ಟೆ, ನಗುತ್ತಾ. ಅದು ಅವನಿಗೆ ಬೇಕಿರಲಿಲ್ಲ. ನನ್ನ ಕಿವಿಯಲ್ಲಿ ಹೇಳಿಕೊಟ್ಟ. ನಾನು ನಿನಗೆ ಹೇಳಿದೆ: ಅಮ್ಮ ಬರಲ್ಲ, ನೀನು ಹೋಗು, ಇನ್ನು ಆ ಮಾಮನ ಜೊತೆಯೇ ಇರಬೇಕು. ಯಾರೂ ನನ್ನ ಕೈ ಹಿಡಿದು ಬಲವಂತ ಮಾಡಲಿಲ್ಲ. ಕೆಲಸ ಖಾಯಂ ಮಾಡುವ ಮಾತು ನಡೆಯುತ್ತಿತ್ತು, ದೊಡ್ಡವರಿಗೆ ಇಲ್ಲ ಅನ್ನಬಾರದು ಅನಿಸಿತು.

ಮೊದಲ ಸಲ ದೋಣಿಯ ಹಗ್ಗ ಸಿಕ್ಕಿಹಾಕಿಕೊಂಡಿತು. ಎರಡನೆಯದು ಸರಿಯಾಯಿತು, ನೀನು ನೋಡಿದ್ದು ಅದೇ. ಅಲ್ಲಿಗೆ ನಿಲ್ಲಿಸಬಹುದಿತ್ತು. 'ಯಾವುದಕ್ಕೂ ಇನ್ನೊಂದು ಇರಲಿ' ಅಂದ ಆ ಪುಣ್ಯಾತ್ಮ. ಮೂರನೆಯ ಸಲ ಅದೇ ಮಾತು ಹೇಳಿದೆ. ನೀನು ಅಳಲಿಲ್ಲ. ಟೋಪಿಯ ದಾರ ಸರಿ ಮಾಡಿಕೊಂಡು, ದೊಡ್ಡ ಹೆಂಗಸಿನ ಹಾಗೆ, ಆ ಕಡೆ ಮುಖ ತಿರುಗಿಸಿ ಕೂತೆ. ಆ ಶಾಟ್ ಹಾಳಾಯಿತು.

ಅಷ್ಟೇ. ಕನಸು ಅಂತ ಹೇಳಿ ಅಂತ ನಿನ್ನ ದೊಡ್ಡಮ್ಮನಿಗೆ ಹೇಳಿಕೊಟ್ಟದ್ದೂ ನಾನೇ. ಕನಸಾದರೆ ಮರೆತುಹೋಗುತ್ತದೆ ಅಂದುಕೊಂಡೆ.

ಅಮ್ಮ

೯ ಏಪ್ರಿಲ್

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರನೆಯ ಸಲ ನನಗೂ ಅಳು ಬರಲಿಲ್ಲ.

ಥರ್ಮಾಕೋಲನ್ನೂ ಮಫ್ಲರನ್ನೂ ಹಾಸ್ಯ ಮಾಡುತ್ತೀಯಲ್ಲ, ಆ ಇಡೀ ಸಿನಿಮಾದಲ್ಲಿ ಅತಿ ಹೀನವಾದ ಕೆಲಸ ಯಾರದು ಅಂತ ಯೋಚಿಸಿದ್ದೀಯಾ? ನಾಲ್ಕು ವರ್ಷದ ಮಗುವಿಗೆ ಮೂರು ಸಲ! ಆಮೇಲೆ ಎರಡೇ ತಿಂಗಳಿಗೆ ಟ್ರಂಕು ಕಟ್ಟಿ ನನ್ನನ್ನು ದೊಡ್ಡಮ್ಮನ ಮನೆಯ ಬಾಗಿಲಲ್ಲಿ ಬಿಟ್ಟು ನಾಟಕ ಕಂಪನಿಯ ಬಸ್ಸು ಹತ್ತಿದೆ. ಅವತ್ತು ನಾನು ಅಳಲಿಲ್ಲ, ಎಂಥಾ ಜಾಣ ಮಗು ಅಂತ ಬೀದಿಯವರೆಲ್ಲ ಹೊಗಳಿದರಂತೆ. ಅಳುವುದು ಹೇಗೆ, ರಿಹರ್ಸಲ್ ಮಾಡಿಸಿಬಿಟ್ಟಿದ್ದೆಯಲ್ಲ!

ಕೆಲಸ ಬೇಸರ ಬಂತಂತೆ, ಬಿಟ್ಟೆಯಂತೆ. ಕೆಲಸವಷ್ಟೇ ಬೇಸರ ಬಂದದ್ದಾ?

ನಿನಗೆ ನಾನು ಕೊಡುವ ಮರ್ಯಾದೆ ಮುಗಿಯಿತು. ಇನ್ನು ಬರೆಯಬೇಡ.

೨೦ ಏಪ್ರಿಲ್

ಚೋಟು,

ಕಾಗದ ತಲುಪಿತು. ನೀನು ಹೇಳಿದ್ದು ಸರಿ.

ಅಮ್ಮ

೧೪ ಜೂನ್

ಅಮ್ಮಾ,

ಬರೆಯಬೇಡ ಅಂದವಳು ನಾನೇ, ಬರೆಯುತ್ತಿರುವವಳೂ ನಾನೇ. ನಗುವುದಾದರೆ ನಗು.

ಸಿನಿಮಾ ಹೋದ ಶನಿವಾರ ಸಂಜೆ ಹಾಕಿದರು. ನೀನು ನೋಡಿರುವುದಿಲ್ಲ. ನೋಡಿದವರು ಚೆನ್ನಾಗಿದೆ ಅಂದರು, ಜನಕ್ಕೆ ಏನು, ಏನು ಕೊಟ್ಟರೂ ನೋಡುತ್ತಾರೆ. ಅದು ಮುಗಿದ ಮೇಲೆ ಉಳಿದ ಡಬ್ಬಿಗಳನ್ನು ಎಸೆಯುವ ಮುಂಚೆ ಒಮ್ಮೆ ಕಣ್ಣಾಡಿಸು ಅಂದರು ನಮ್ಮ ಮೇಲಿನವರು. ಒಂದರ ಮೇಲೆ ಸೀಮೆಸುಣ್ಣದಲ್ಲಿ 'ಬೇಡದ್ದು' ಅಂತ ಬರೆದಿತ್ತು. ಸೋಮವಾರ ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು ಅದನ್ನು ಯಂತ್ರಕ್ಕೆ ಹಾಕಿದೆ.

ಮೂರನೆಯ ಶಾಟ್, ಅಮ್ಮಾ. ಶಬ್ದವಿಲ್ಲ, ಚಿತ್ರ ಮಾತ್ರ.

ನೀನು ಮಗುವನ್ನು ಕೊಡುತ್ತೀಯ. ದೋಣಿ ಬಳಸಿಕೊಂಡು ಕ್ಯಾಮರಾದ ಕಡೆಗೆ ಸರಿಯುತ್ತದೆ. ನಾನು ಟೋಪಿಯ ದಾರ ಸರಿ ಮಾಡಿಕೊಂಡು ಆ ಕಡೆ ತಿರುಗುತ್ತೇನೆ, ನೀನು ಬರೆದ ಹಾಗೆಯೇ. ಅದಾದ ಮೇಲಿನದನ್ನು ನೀನು ಬರೆಯಲಿಲ್ಲ. ನೀನು ಒಂದು ಕ್ಷಣ ನಿಂತಿದ್ದೀಯ. ಆಮೇಲೆ ಇದ್ದಕ್ಕಿದ್ದ ಹಾಗೆ, ಆ ಬಿಳಿ ಗೌನಿನಲ್ಲಿ, ನೀರಿಗೆ ಹಾರುತ್ತೀಯ. ಹಾರುವುದು ಅಂದರೆ ಏನು, ಧೊಪ್ಪನೆ ಮಕಾಡೆ ಬೀಳುತ್ತೀಯ. ಎದ್ದು ನಿಂತರೆ ಮೊಣಕಾಲುದ್ದ ನೀರು. ಆದರೆ ನೀನು ಏಳುವುದಿಲ್ಲ. ಈಜು ಬರದವಳು ಕೈಕಾಲು ಬಡಿಯುತ್ತಾ, ಬಾಯಿ ತುಂಬಾ ನೀಲಿ ನೀರು ಕುಡಿಯುತ್ತಾ, ಈಜಿಕೊಂಡು ಬರುತ್ತೀಯ. ಹಿಂದೆ ಮಫ್ಲರಿನವನು ಓಡಿಬಂದು ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾನೆ. ದೋಣಿಯ ಅಂಚು ಹಿಡಿದು ತಲೆ ಎತ್ತಿದಾಗ ನಿನ್ನ ಮುಖ ನೇರವಾಗಿ ಕ್ಯಾಮರಾಕ್ಕೆ ಸಿಕ್ಕಿದೆ. ಬಾಯಿ 'ಚೋಟು, ಚೋಟು' ಅನ್ನುತ್ತಿರುವುದು ಶಬ್ದವಿಲ್ಲದೆಯೂ ಗೊತ್ತಾಗುತ್ತದೆ. ನಾನು ನಿನ್ನ ಕಡೆ ನೋಡಿದೆನೋ ಇಲ್ಲವೋ ತಿಳಿಯುವ ಮುಂಚೆ ರೀಲು ಮುಗಿಯುತ್ತದೆ.

ಡಬ್ಬಿಯ ತಳದಲ್ಲಿ ಒಂದು ಚೀಟಿ ಇತ್ತು. 'ಹೀರೋಯಿನ್ ಗೌನು ನೀಲಿಯಾಗಿದೆ, ಒಗೆದರೂ ಹೋಗಿಲ್ಲ. ಉಳಿದ ದೃಶ್ಯಗಳಿಗೆ ಕಂಬಳಿ ಹೊದಿಸುವುದು. ದರ್ಜಿಯನ್ನು ಇವತ್ತಿನಿಂದ ಕೆಲಸದಿಂದ ಬಿಡಿಸಲಾಗಿದೆ. ಹೆಸರು ಹಾಕುವುದು ಬೇಡ.'

ಬೇಸರ ಬಂದು ಬಿಟ್ಟೆಯಂತೆ. ಅಯ್ಯೋ ನಿನ್ನ ಜಂಭಕ್ಕಿಷ್ಟು! ಬಿಡಿಸಿದರು, ಬೇರೆ ಎಲ್ಲೂ ಕೆಲಸ ಸಿಗಲಿಲ್ಲ, ಅದಕ್ಕೆ ನಾಟಕ ಕಂಪನಿ. ಮಕ್ಕಳನ್ನು ಕರೆದುಕೊಂಡು ಬರುವ ಹಾಗಿಲ್ಲ ಅಂದಿರಬೇಕು ಅವರು. ಸರಿಯಾ? ನನ್ನನ್ನು ಬಿಟ್ಟುಹೋಗಲಾರದೆ ನೀರಿಗೆ ಬಿದ್ದೆ, ಬಿದ್ದದ್ದಕ್ಕೆ ನನ್ನನ್ನು ಬಿಟ್ಟುಹೋಗಬೇಕಾಯಿತು. ಇದನ್ನು ಹೇಳಲು ಮೂವತ್ತನಾಲ್ಕು ವರ್ಷ ಸಾಕಾಗಲಿಲ್ಲವಾ ನಿನಗೆ? ಏಪ್ರಿಲ್‌ನಲ್ಲಿ ಅಷ್ಟು ಬೈದು ಬರೆದೆ, ಆಗಲೂ 'ನೀನು ಹೇಳಿದ್ದು ಸರಿ' ಅಂತ ಬರೆದು ಕಳಿಸಿದೆ. ಎಂಥಾ ಹೆಂಗಸು ನೀನು? ಹೊಡೆಯಬೇಕು ಅನಿಸುತ್ತದೆ. ಯಂತ್ರದ ಮುಂದೆ ಕೂತು ಅತ್ತೆ ಅಂತಲೂ ಬರೆಯುತ್ತೇನೆ, ನಿನ್ನ ಹಾಗೆ ಬಚ್ಚಿಡಲು ನನಗೆ ಬರುವುದಿಲ್ಲ.

ಆ ಡಬ್ಬಿಯನ್ನು ಎಸೆಯುವ ಗುಂಪಿಗೆ ಹಾಕಲಿಲ್ಲ. ಫಾರಂನಲ್ಲಿ ಖಾಲಿ ಜಾಗಕ್ಕೆ ನಿನ್ನ ಹೆಸರು ಬರೆದೆ, ಯಾರು ಏನು ಮಾಡುತ್ತಾರೋ ನೋಡೋಣ.

ಒಂದೇ ಒಂದು ಕೇಳುತ್ತೇನೆ. ಮೊಣಕಾಲುದ್ದ ನೀರಿನಲ್ಲಿ ಎದ್ದು ನಡೆದು ಬರಬಹುದಿತ್ತಲ್ಲ. ಯಾಕೆ ಈಜಿದೆ?

ನಿನ್ನ ಚೋಟು

೨೨ ಜೂನ್

ಚೋಟು,

ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಮೊದಲು ಓದಿದ್ದು ನಿನ್ನ ಕಾಗದ. ಡಾಕ್ಟರು ಕಣ್ಣೀರು ಹಾಕಬಾರದು ಅಂದಿದ್ದರು. ಅವರ ಮಾತಿಗೆ ಎಷ್ಟು ಬೆಲೆ ಕೊಟ್ಟೆ ಅಂತ ನಿನಗೆ ಗೊತ್ತಾಗಿರಬಹುದು.

ಆ ರೀಲನ್ನು ಸುಟ್ಟುಹಾಕಿದ್ದಾರೆ ಅಂದುಕೊಂಡಿದ್ದೆ. ಸುಡುವುದನ್ನೂ ನೆಟ್ಟಗೆ ಮಾಡಲಿಲ್ಲ ಆ ಅಯೋಗ್ಯರು.

ಹೇಳಿದ್ದರೆ ಏನಾಗುತ್ತಿತ್ತು? ನಿನ್ನಿಂದ ಕೆಲಸ ಹೋಯಿತು ಅಂತ ನಾಲ್ಕು ವರ್ಷದವಳ ತಲೆಗೆ ಕಟ್ಟಲಾ? ದೊಡ್ಡವಳಾದ ಮೇಲೆ ಹೇಳೋಣ ಅಂದುಕೊಂಡೆ. ದೊಡ್ಡವಳಾದ ಮೇಲೆ ನೀನು ನನ್ನ ಹತ್ತಿರ ಕೂರುತ್ತಲೇ ಇರಲಿಲ್ಲ. ಮತ್ತೆ ಒಂದು ಮಾತು: ನೀರಿಗೆ ಹಾರಿದ ಮಾತ್ರಕ್ಕೆ ನಿನಗೆ ಹೇಳಿದ್ದು ಅಳಿಸಿಹೋಗುವುದಿಲ್ಲ. ಮೂರು ಸಲ ಹೇಳಿದವಳು ನಾನೇ. ಅದಕ್ಕೇ ನೀನು ಹೇಳಿದ್ದು ಸರಿ ಅಂತ ಬರೆದೆ. ಈಗಲೂ ಸರಿಯೇ.

ರಜೆ ಸಿಕ್ಕಿದರೆ ಬಾ. ಬರುವುದಾದರೆ ಮುಂಚೆ ಬರೆ, ಹಾಸಿಗೆ ಬಿಸಿಲಿಗೆ ಹಾಕಬೇಕು. ಬರುವಾಗ ಏಳನೇ ನಂಬರಿನ ಸೂಜಿ ಒಂದು ಪೊಟ್ಟಣ ತಾ, ಇಲ್ಲಿಯವು ಬಾಗುತ್ತವೆ. ಬೆರಳ ಟೋಪಿ ಬೇಡ, ಹಳೆಯದೇ ಇದೆ.

ಯಾಕೆ ಈಜಿದೆ ಅಂತ ಕೇಳಿದ್ದೀಯ. ಹದಿನೆಂಟು ಇಂಚು, ಚೋಟು. ಅವತ್ತು ಬೆಳಿಗ್ಗೆ ನಾನೇ ಟೇಪು ಹಿಡಿದು ಅಳೆದಿದ್ದೆ. ನೀನು ಮುಖ ತಿರುಗಿಸಿದ ಮೇಲೆ ನನಗೆ ಅದು ನೆನಪಿಗೆ ಬರಲಿಲ್ಲ.

ದಾರಿ ನೋಡುತ್ತಿರುವ,
ಅಮ್ಮ